ಹಾಟ್ ಬಾಕ್ಸಿನಲ್ಲಿಟ್ಟ ಎಡೆ

ಸತ್ತವರು ಊಟಕ್ಕೆ ಯಾವ ಹೊತ್ತಿಗೆ ಬರುತ್ತಾರೆಂದು ಕಂಡವರಿಲ್ಲ. ಆದರೆ ಕುಪ್ಪಗಡ್ಡೆಯ ಗುತ್ಯಮ್ಮನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಅವಳ ಮಾವ ಸಣ್ಣಪ್ಪ ಬದುಕಿದ್ದಾಗ ರಾತ್ರಿಯಿಡೀ ಹಂದಿ ನುಗ್ಗದಂತೆ ಗದ್ದೆ ಕಾದು, ಕೋಳಿ ಕೂಗಿದ ಮೇಲೆ ಮನೆಗೆ ಬಂದು ಉಣ್ಣುತ್ತಿದ್ದ. ಹಾಗಾಗಿ ಹಿರೇರ ಹಬ್ಬದಲ್ಲಿ ಊರಿನವರೆಲ್ಲ ಎಡೆಯಿಟ್ಟು, ಒಂದು ಗಳಿಗೆ ಬಾಗಿಲು ಮುಚ್ಚಿ, ತೆಗೆದು ಉಂಡರೆ, ಈ ಮನೆಯಲ್ಲಿ ಮಾತ್ರ ಎಡೆ ಬೆಳಗಿನವರೆಗೂ ದೇವರ ಕೋಣೆಯಲ್ಲಿ ಇರಬೇಕು. ಬೆಳಗಾದ ಮೇಲೆ ಮನೆಯ ಗಂಡುಮಗ ಅದರಿಂದ ಮೊದಲ ತುತ್ತು ತಿನ್ನಬೇಕು.

ಸೊಸೆ ಸೌಂದರ್ಯಳಿಗೆ ಈ ಪದ್ಧತಿ ಕಂಡರಾಗದು. ಅವಳು ಶಿಕಾರಿಪುರದ ಕಡೆಯ ಈಸೂರಿನವಳು. ಅತ್ತೆ ಸೊಸೆ ಇಬ್ಬರೂ ಒಂದೇ ಒಲೆಯ ಮುಂದೆ, ಒಬ್ಬರ ಮುಖ ಒಬ್ಬರು ನೋಡದೆ ಅಡಿಗೆ ಮಾಡುವುದನ್ನು ಚೆನ್ನಾಗಿ ಕಲಿತಿದ್ದರು.

ಹಬ್ಬದ ಸಂಜೆ ಅನ್ನ ಬಸಿಯುತ್ತಿದ್ದಾಗ ಸೌಂದರ್ಯ ಶುರು ಮಾಡಿದಳು. "ಅತ್ತೆ, ಈ ಸಲ ಎಡಿ ಉಳಿದೋರಂಗೆ ಸಂಜೀನೇ ತೆಗೀರಿ. ರಾತ್ರಿಯಿಡೀ ಹೊರಗಿಟ್ಟ ಅನ್ನ ತಿನ್ನಬಾರ್ದು."

"ತಂಗಳು ತಿಂದೇ ಬೆಳೆದ ಮೈ ಕಣೇ ಇದು. ಏನಾಗೈತೆ ನಂಗೆ? ನಿಮ್ಮೂರಲ್ಲಿ ಅನ್ನ ಬೆಳಗಾಗೋದ್ರೊಳಗೆ ಹಾವಾಗ್ತದೇನೇ?"

"ಹಾವಾದ್ರೆ ಕಣ್ಣಿಗಾದ್ರೂ ಕಾಣ್ತಿತ್ರೀ."

ಗುತ್ಯಮ್ಮ ಸೌಟನ್ನು ತಟ್ಟೆಗೆ ಕುಕ್ಕಿದಳು. ಸೌಂದರ್ಯ ಎದ್ದು ನಿಂತು, ಜಗಲಿಯಲ್ಲಿದ್ದ ಗಂಡ ಚನ್ನೇಶನಿಗೂ ಕೇಳುವಂತೆ ಹೇಳಿದಳು. "ನಿಮ್ಮ ಮಗನ ಎದುರಿಗೇ ಹೇಳ್ತೀನಿ. ಆ ಎಡಿ ತಿಂದು ಈ ಮನ್ಯಾಗೆ ಯಾರಾದ್ರೂ ಹೊಟ್ಟಿ ಹಿಡ್ಕಂಡ್ರೆ, ಅವತ್ತಿಂದ ನೀವು ಈ ಅಡಿಗಿಮನಿ ಹೊಸ್ತಿಲು ದಾಟಂಗಿಲ್ಲ. ಒಲಿ ನಂದು, ಸೌಟು ನಂದು."

ಚನ್ನೇಶ ಮಾಡಿನ ಹೆಂಚು ನೋಡುತ್ತ ಕೂತ. ಅವನು ಬೇಡವೆನ್ನಲಿಲ್ಲ. ಗುತ್ಯಮ್ಮನಿಗೆ ಇರಿದದ್ದು ಅದೇ. ಗಂಡ ಹೋದ ಮೇಲೆ ಅವಳಿಗೆ ಉಳಿದಿದ್ದುದು ಆ ಒಲೆ, ಮಗನ ತಟ್ಟೆಗೆ ಬಡಿಸುವ ಆ ಕೈ. ಅದನ್ನೂ ಕಿತ್ತುಕೊಳ್ಳುತ್ತೇನೆ ಎನ್ನುತ್ತಾಳಲ್ಲ ಇವಳು!

ಹಿಂದೆಲ್ಲ ಈ ಮನೆಯ ಎಡೆ ಹೀಗಿರಲಿಲ್ಲ. ಅನ್ನ ಪೂರ್ತಿ ಆರಿದ ಮೇಲೆ ಮಣ್ಣಿನ ಗಡಿಗೆಗೆ ಹಾಕಿ, ನೀರು ಮಜ್ಜಿಗೆ ಹೊಯ್ದು, ತಣ್ಣನೆಯ ಮೂಲೆಯಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಅದು ಹುಳಿಯಾಗಿ, ಉಂಡವರ ಹೊಟ್ಟೆ ತಂಪಾಗುತ್ತಿತ್ತು. ಈ ಸಲ ಗುತ್ಯಮ್ಮನ ಮನಸ್ಸು ಬೇರೆ ದಾರಿ ಹಿಡಿಯಿತು. ಬದುಕಿದ್ದಷ್ಟೂ ದಿನ ಆರಿದ್ದನ್ನೇ ಉಂಡ ಜೀವ, ಸತ್ತ ಮೇಲಾದರೂ ಬಿಸಿ ಉಣ್ಣಲಿ. ಸೊಸೆಯ ತವರಿನಿಂದ ಬಂದಿದ್ದ ಹಾಟ್ ಬಾಕ್ಸಿಗೆ ಹಬೆಯಾಡುವ ಅನ್ನ ತುಂಬಿ, ಮೇಲೆ ಕಾಯಿ ಅರೆದು ಹಾಕಿದ ಅವರೆಕಾಳಿನ ಸಾರು ಸುರಿದು, ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಸೊಸೆಯ ಡಬ್ಬಿಯಲ್ಲೇ ಎಡೆಯಿಟ್ಟೆ ಎಂಬ ಸಣ್ಣ ಖುಷಿಯೂ ಇತ್ತು. ಭಕ್ತಿಯ ಬೆನ್ನಿಗೆ ಹಟ ಅಂಟಿಕೊಂಡು ಬಂದರೆ ಮನುಷ್ಯರಿಗೆ ಗೊತ್ತಾಗುವುದಿಲ್ಲ. ಎರಡೂ ಕೈಮುಗಿದೇ ನಿಂತಿರುತ್ತವೆ.

ಬೆಳಿಗ್ಗೆ ತೆಗೆದಾಗ ಮುಚ್ಚಳದ ಒಳಗೆ ಹನಿಗಟ್ಟಿತ್ತು. ಅನ್ನ ಇನ್ನೂ ಉಗುರುಬೆಚ್ಚಗಿತ್ತು. ಹಿರಿಯರೇ ಕಾಪಾಡಿದ್ದಾರೆ ಎಂದು ಅವಳು ಕಣ್ಣಿಗೊತ್ತಿಕೊಂಡಳು.

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಸೌಂದರ್ಯ ತಿರುಗಿಯೂ ನೋಡದೆ, "ಅದನ್ನ ತಿಪ್ಪಿಗೆ ಹಾಕ್ರಿ" ಎಂದಳು.

"ಹಿರೇರ ಎಡೆ ತಿಪ್ಪೆಗೆ ಹಾಕೋಕೆ ನಾನೇನು ಈಸೂರಲ್ಲಿ ಹುಟ್ಟಿಲ್ಲ. ಎಮ್ಮೆಗೆ ಹಾಕ್ತೀನಿ, ಆಯ್ತಾ?"

ಡಬ್ಬಿ ಹಿಡಿದು ಕೊಟ್ಟಿಗೆಗೆ ಹೋದಳು. ಅಲ್ಲಿ ಚನ್ನೇಶ ಆಗಲೇ ರೊಟ್ಟಿ ತಿಂದು ಬಂದು, ಭತ್ತಕ್ಕೆ ಔಷಧಿ ಹೊಡೆಯುವ ಕ್ಯಾನು ತೊಳೆಯುತ್ತಿದ್ದ.

"ಬಾಯಿ ತೆಗಿಯೋ."

"ಅವ್ವ, ಅವಳು..."

"ಅವಳು ಹೆಂಡ್ತಿ. ನಾನು ಹೆತ್ತೋಳು. ಅಜ್ಜ ಉಂಡಿದ್ದಿದು."

ಅವನು ತಿಂದ. ಒಂದು ತುತ್ತಿಗೆ ನಿಲ್ಲಿಸಲು ಅವಳು ಬಿಡಲಿಲ್ಲ. "ಸ್ವಲ್ಪ ಲೋಳೆಲೋಳೆ ಐತಲ್ಲವ್ವ?" ಎಂದ. "ಕಾಯಿ ಜಾಸ್ತಿ ಅರೆದೀನಿ, ಅದಕ್ಕೆ. ಉಣ್ಣು." ಉಳಿದ ಚೂರನ್ನು ಎಮ್ಮೆಗೆ ಹಾಕಿ, ಬಾಯಿ ಒರೆಸಿಕೊಂಡ ಮಗನನ್ನು ಗದ್ದೆಗೆ ಕಳಿಸಿ, ಒಳಗೆ ಬಂದು ಸೊಸೆಯ ಬೆನ್ನು ನೋಡಿ ಮನಸ್ಸಿನಲ್ಲೇ ನಕ್ಕಳು.

ಬಿಸಿಲೇರುವ ಹೊತ್ತಿಗೆ ಪಕ್ಕದ ಗದ್ದೆಯ ಬಂಗಾರಪ್ಪ ಕೂಗುತ್ತ ಬಂದ. ಚನ್ನೇಶ ಔಷಧಿ ಹೊಡೆಯುತ್ತಿದ್ದವನು ಬದುವಿನ ಮೇಲೆ ಕುಸಿದು ವಾಂತಿ ಮಾಡುತ್ತಿದ್ದಾನೆ, ಮೈಯೆಲ್ಲ ಬೆವರು. ಬಂಗಾರಪ್ಪನ ಓಮ್ನಿಯಲ್ಲೇ ಹಾಕಿಕೊಂಡು ಸೊರಬಕ್ಕೆ ಒಯ್ದರು.

ದವಾಖಾನೆಯಲ್ಲಿ ಡಾಕ್ಟರಮ್ಮ ಅವನ ಕಣ್ಣು ಬಿಡಿಸಿ ನೋಡಿದರು. "ಔಷಧಿ ಹೊಡೀತಿದ್ರಾ? ಯಾವ ಔಷಧಿ? ಬೆಳಿಗ್ಗೆ ಏನು ತಿಂದಿದ್ರು?"

"ನಾ ಸುಟ್ಟ ಅಕ್ಕಿರೊಟ್ಟಿರೀ. ನಾನೂ ಅದನ್ನೇ ತಿಂದೀನಿ, ನಂಗೇನೂ ಆಗಿಲ್ಲ" ಎಂದಳು ಸೌಂದರ್ಯ.

"ಬೇರೇನೂ ಇಲ್ಲ ಅಲ್ವಾ? ಸರಿಯಾಗಿ ಹೇಳಿ. ಔಷಧಿ ವಿಷ ಏರಿದ್ರೆ ಶಿವಮೊಗ್ಗಕ್ಕೆ ಕಳಿಸ್ಬೇಕು, ಅದಕ್ಕೆ ಕೊಡೋ ಇಂಜೆಕ್ಷನ್ನೇ ಬೇರೆ. ಸುಮ್ನೆ ಕೊಡೋ ಹಾಗಿಲ್ಲ."

ಚನ್ನೇಶ ಕಣ್ಣು ತೆರೆದು ಅವ್ವನನ್ನು ನೋಡಿದ. ಮತ್ತೆ ಮುಚ್ಚಿಕೊಂಡ. ಹೇಳುವುದಿಲ್ಲ ಇವನು, ನನ್ನನ್ನು ಕಾಯಲು ಸುಮ್ಮನಿದ್ದಾನೆ ಎಂದು ಗುತ್ಯಮ್ಮನಿಗೆ ತಿಳಿಯಿತು. ಅವಳು ಗೋಡೆಗೊರಗಿ ಚಂದ್ರಗುತ್ತಿಯ ಅಮ್ಮನನ್ನು ನೆನೆದಳು. ತಾಯೀ, ನಾನು ಬಾಯಿ ಬಿಡದಂತೆಯೇ ಇವನು ಹುಷಾರಾಗಲಿ. ಬೇಡಿಕೊಳ್ಳುತ್ತಿದ್ದಂತೆಯೇ ಆ ಬೇಡಿಕೆಯ ಮುಖ ಅವಳಿಗೆ ಕಂಡಿತು. ಮಗನ ಜೀವವನ್ನಲ್ಲ, ಒಲೆಯನ್ನು ಬೇಡುತ್ತಿದ್ದೇನೆ. ದೇವಿಯನ್ನೂ ನನ್ನ ಸುಳ್ಳಿಗೆ ಜೊತೆ ಕರೆಯುತ್ತಿದ್ದೇನೆ.

"ಎಡೆ ತಿಂದಾನೆ" ಎಂದಳು. "ರಾತ್ರಿಯೆಲ್ಲ ಹಾಟ್ ಬಾಕ್ಸಲ್ಲಿಟ್ಟ ಅನ್ನ. ನಾನೇ ತಿನ್ನಿಸ್ದೆ."

ಡಾಕ್ಟರಮ್ಮ ತಿರುಗಿದರು. "ಬಿಸಿ ಅನ್ನಾನೇ ಮುಚ್ಚಿಟ್ರಾ? ಬೆಳಿಗ್ಗೆ ಹೇಗಿತ್ತು?"

"ಉಗುರುಬೆಚ್ಚಗೆ. ಲೋಳೆ ಅಂದ ಇವನು."

"ಆ ಬೆಚ್ಚಗೇಲೇ ವಿಷ ಹುಟ್ಟೋದು ಅಜ್ಜಿ. ಆಮೇಲೆ ಎಷ್ಟು ಕುದಿಸಿದ್ರೂ ಹೋಗಲ್ಲ. ಉಳಿದ ಅನ್ನ ಬೇಗ ಆರಿಸಿ ಫ್ರಿಜ್ಜಲ್ಲಿಡಬೇಕು, ಇಲ್ಲಾಂದ್ರೆ ಇಟ್ಕೋಬಾರದು." ಅವರು ಇನ್ನೊಮ್ಮೆ ನಾಡಿ, ಉಸಿರು ನೋಡಿ, ಔಷಧಿ ವಿಷದ ಲಕ್ಷಣವಿಲ್ಲವೆಂದು ಡ್ರಿಪ್ ಹಾಕಿಸಿದರು.

ಸೌಂದರ್ಯ ಅತ್ತೆಯ ಹತ್ತಿರ ಬಂದಳು. "ಎಮ್ಮಿಗೆ ಹಾಕಿದ್ರೇನ್ರೀ? ನನ್ನ ಗಂಡನ್ನೇ ಎಮ್ಮಿ ಮಾಡಿದ್ರಲ್ಲ!"

"ಡಬ್ಬಿ ನಿಮ್ಮಪ್ಪಂದೇ ಅಲ್ವೇನೇ."

"ಡಬ್ಬಿಗೆ ಬುದ್ಧಿ ಇರಲ್ಲ. ಹೇಳದೇ ಇದ್ದಿದ್ರೆ ನಿಮ್ಮನ್ನ ಜೀವ ಇರೋವರೆಗೂ ಬಿಡ್ತಿರಲಿಲ್ಲ ನಾನು."

"ಹೇಳಿದ್ಮೇಲೂ ಬಿಡಲ್ಲ ಬಿಡು ನೀನು."

"ಇಲ್ಲ" ಎಂದಳು ಸೌಂದರ್ಯ. "ಬಿಡಲ್ಲ."

ಸಂಜೆಗೆ ವಾಂತಿ ನಿಂತು ಚನ್ನೇಶ ಕಣ್ಣುಬಿಟ್ಟ. "ಅವ್ವ, ಹಸಿವು" ಎಂದ. ಗುತ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾತ್ರೆಯೊಂದನ್ನು ಹಿಡಿದು ಎದ್ದಳು. ಬಂಗಾರಪ್ಪನ ತಂಗಿಯ ಮನೆ ಪಕ್ಕದ ಬೀದಿಯಲ್ಲೇ, ಗಂಜಿ ಕಾಸಿಕೊಂಡು ಬರಲು ಎಷ್ಟು ಹೊತ್ತು!

"ನೀವು ಕೂತ್ಕಳ್ರಿ" ಎಂದಳು ಸೌಂದರ್ಯ, ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡು. "ಗಂಜಿ ನಾನು ತರ್ತೀನಿ. ಇನ್ಮೇಲೆ ಎಲ್ಲಾ ನಾನೇ ತರ್ತೀನಿ."

ಮಗ ಈಗಲೂ ಬೇಡವೆನ್ನಲಿಲ್ಲ.

"ಉಪ್ಪು ಕಮ್ಮಿ ಹಾಕು. ಅವನಿಗೆ..."

"ಗೊತ್ತೈತಿ."

ಚಪ್ಪಲಿಯ ಸದ್ದು ಹೊರಗೆ ಹೋಯಿತು. ಗುತ್ಯಮ್ಮ ಬೆಂಚಿನ ಮೇಲೆ ಕೂತಳು.