ರೇಷ್ಮೆ ಸೀರೆಯ ಮೈ

ನಮ್ಮ ಅಮ್ಮನ ಬೊಜ್ಜದ ದಿನ ಹಾರ ಹಾಕಿ ಕುರ್ಚಿಯ ಮೇಲೆ ಇಟ್ಟಿದ್ದ ಚಿತ್ರದಲ್ಲಿ ಮುಖ ಮಾತ್ರ ಅಮ್ಮನದಾಗಿತ್ತು. ಕುತ್ತಿಗೆಯಿಂದ ಕೆಳಗೆ ಯಾರೋ ಬೇರೆ ಹೆಂಗಸು. ಹಸಿರು ಅಂಚಿನ ನೇರಳೆ ರೇಷ್ಮೆ ಸೀರೆ, ಎರಡೆಳೆಯ ಸರ, ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ನುಣುಪಾದ ಕೈಗಳು, ಬೆರಳಿನಲ್ಲಿ ಕೆಂಪು ಕಲ್ಲಿನ ಉಂಗುರ. ಅಮ್ಮ ರೇಷ್ಮೆ ಉಟ್ಟದ್ದನ್ನು ನಾನು ನೋಡಿಲ್ಲ. ಉಂಗುರ ಅವಳ ಬೆರಳಿಗೆ ಹೋಗುತ್ತಲೂ ಇರಲಿಲ್ಲ, ಗಂಟುಗಳು ಅಷ್ಟು ದಪ್ಪ.

ನಮ್ಮ ಕಡೆ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಬಂದವರೆಲ್ಲ ಚಿತ್ರಕ್ಕೆ ಒಂದು ಹೂವು ಹಾಕಿ, ಕೈ ಮುಗಿದು, ಆಮೇಲೆ ಊಟಕ್ಕೆ ಕೂರುವುದು. ಆ ದಿನ ಎಲ್ಲರೂ ಹಾಕಿದರು. ನಾನೂ ಹಾಕಿದೆ. ಯಾರಿಗೆ ಹಾಕಿದೆ ಎಂದು ಇವತ್ತಿಗೂ ಗೊತ್ತಿಲ್ಲ.

ಚಿತ್ರ ಮಾಡಿಕೊಟ್ಟವನು ಮಡಂತ್ಯಾರಿನ ಸ್ಟುಡಿಯೋದ ಧರ್ಣಪ್ಪ. ನಾನು ಅವನಿಗೆ ಕೊಟ್ಟದ್ದು ಬೇರೆಯೇ ಚಿತ್ರ. ಮೊಬೈಲಿನಲ್ಲಿ ನಾನೇ ತೆಗೆದದ್ದು. ಅಮ್ಮ ಹಿತ್ತಿಲ ಬಾಗಿಲಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದಳು. ಎರಡೂ ಕೈಗೆ ಮೊಣಕೈವರೆಗೆ ಎಣ್ಣೆ, ಅದರ ಮೇಲೆ ಮೇಣ. ಕೂದಲಿನ ಒಂದು ಎಳೆ ಕಣ್ಣಿನ ಮೇಲೆ ಬಿದ್ದಿತ್ತು. ಕೈಯಿಂದ ಮುಟ್ಟುವ ಹಾಗಿಲ್ಲ. "ಕೂದಲೊಂದು ಸರಿಸು ಮಾರಾಯ್ತಿ" ಎಂದು ಕೈಗಳನ್ನು ದೂರ ಚಾಚಿಕೊಂಡು ನನ್ನ ಕಡೆ ತಿರುಗಿದಳು. ನಾನು ಮೊದಲು ಚಿತ್ರ ತೆಗೆದೆ, ಆಮೇಲೆ ಕೂದಲು ಸರಿಸಿದೆ. ತೋರಿಸಿದಾಗ ಅಮ್ಮ ಹತ್ತಿರದಿಂದ ನೋಡಿ, "ಹ್ಞಾಂ, ಇದು ನಾನೇ" ಎಂದಳು.

ನನಗೆ ಫೋಟೋ ತೆಗೆಯಲು ಯಾರೂ ಕಲಿಸಿದವರಿಲ್ಲ. ಕಲಿಸಿದವರು ಯಾರಾದರೂ ಇದ್ದರೆ ಅದು ಅಮ್ಮನೇ, ಅವಳಿಗೆ ಗೊತ್ತಿಲ್ಲದೆ. ಅಕ್ಕಿಯಲ್ಲಿ ಕಲ್ಲು ಹೆಕ್ಕುವಾಗ ಅವಳು ಬಾಗಿಲಿಗೆ ಎದುರಾಗಿಯೂ ಕೂರುತ್ತಿರಲಿಲ್ಲ, ಬೆನ್ನು ಹಾಕಿಯೂ ಕೂರುತ್ತಿರಲಿಲ್ಲ. ಒಂದು ಪಕ್ಕಕ್ಕೆ ಕೂತು ಗೆರಸೆಯನ್ನು ಸ್ವಲ್ಪ ವಾಲಿಸುತ್ತಿದ್ದಳು. ಬೆಳಕು ಪಕ್ಕದಿಂದ ಬಂದರೆ ಸಣ್ಣ ಕಲ್ಲಿಗೂ ನೆರಳು ಬೀಳುತ್ತದೆ, ಆಗ ಕಾಣುತ್ತದೆ. ನಾನು ಮುಖಗಳನ್ನು ನೋಡಲು ಶುರು ಮಾಡಿದ್ದು ಹಾಗೆ. ಅನ್ನ ಬೇಯುವ ಹೊತ್ತಿನಲ್ಲಿ, ದನಕ್ಕೆ ಹಿಂಡಿ ನೆನೆಯುವ ಹೊತ್ತಿನಲ್ಲಿ, ಬಟ್ಟೆಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಕಾದು. ಯಾರಿಗೂ ನಗಿ ಎಂದು ಹೇಳುವುದಿಲ್ಲ, ನಿಲ್ಲಿ ಎಂದೂ ಹೇಳುವುದಿಲ್ಲ. ತೆಗೆದ ಮೇಲೆ ಅವರಿಗೇ ತೋರಿಸಿ "ಇದು ನೀವಾ?" ಎಂದು ಕೇಳುತ್ತೇನೆ. ಅಲ್ಲ ಎಂದರೆ ಅಲ್ಲಿಯೇ ಅಳಿಸುತ್ತೇನೆ.

ಧರ್ಣಪ್ಪನ ಕ್ರಮ ಬೇರೆ. ಅವನ ಕಂಪ್ಯೂಟರಿನಲ್ಲಿ ಗಂಡಸರಿಗೊಂದು ಕೋಟು ಹಾಕಿದ ಮೈ ಉಂಟು, ಹೆಂಗಸರಿಗೊಂದು ರೇಷ್ಮೆ ಉಟ್ಟ ಮೈ ಉಂಟು. ಯಾರು ಸತ್ತರೂ ಮುಖ ಕತ್ತರಿಸಿ, ಸುಕ್ಕು ಒರೆಸಿ, ಅದರ ಮೇಲೆ ಕೂರಿಸುತ್ತಾನೆ. ಅಮ್ಮನ ಬೊಜ್ಜದ ಮೇಲೆ ನಾನು ಹೋದ ಸಾವಿನ ಮನೆಗಳಲ್ಲೆಲ್ಲ ಆ ಕೆಂಪು ಕಲ್ಲಿನ ಉಂಗುರವನ್ನು ಕಂಡಿದ್ದೇನೆ. ಗೋಡೆ ಗೋಡೆಯಲ್ಲಿ ಅದೇ ಮೈ.

ಅದನ್ನಾದರೂ ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ಮರುವರ್ಷ ಮೂಡಬಿದ್ರೆಯ ಒಂದು ಛಾಯಾಚಿತ್ರ ಪ್ರದರ್ಶನಕ್ಕೆ ಹೋದಾಗ ಅಲ್ಲಿ ಅಮ್ಮ ಇದ್ದಳು. ಹಿತ್ತಿಲ ಬಾಗಿಲು, ಮೇಣದ ಕೈ, ಕಣ್ಣಿನ ಮೇಲೆ ಕೂದಲು. ಆಳೆತ್ತರದ ಚಿತ್ರ. ಕೆಳಗೆ 'ಕಾಯಕ' ಎಂದು ಹೆಸರು, ಅದರ ಕೆಳಗೆ ಧರ್ಣಪ್ಪನ ಹೆಸರು, ಪಕ್ಕದಲ್ಲಿ ಮೊದಲ ಬಹುಮಾನದ ಕೆಂಪು ರಿಬ್ಬನ್.

ಮರುದಿನವೇ ಸ್ಟುಡಿಯೋಗೆ ಹೋದೆ. ಅದೇ ಚಿತ್ರದ ಇನ್ನೊಂದು ಪ್ರತಿ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗಿಸಿದ್ದ.

"ಇದು ನಾನು ತೆಗೆದದ್ದಲ್ವಾ ಧರ್ಣಪ್ಪಣ್ಣ?"

"ಮೊಬೈಲಲ್ಲಿ ಒತ್ತಿದ್ದು ನೀವು, ಪದ್ಮಾಕ್ಷಕ್ಕ. ಅದನ್ನು ಚಿತ್ರ ಮಾಡಿದ್ದು ನಾನು" ಎಂದ. ಕಣ್ಣು ಕಂಪ್ಯೂಟರಿನ ಮೇಲೆಯೇ ಇತ್ತು.

"ನನಗೊಂದು ಪ್ರತಿ ಕೊಡಿ. ನನ್ನ ಮೊಬೈಲು ಹಿಂಡಿಯ ಬಾಲ್ದಿಗೆ ಬಿದ್ದು ಹಾಳಾಯಿತು. ಅಮ್ಮನದ್ದು ನನ್ನ ಹತ್ರ ಬೇರೆ ಇಲ್ಲ."

"ಬಹುಮಾನ ಬಂದದ್ದನ್ನು ಹಾಗೆಲ್ಲ ಕೊಡ್ಲಿಕ್ಕೆ ಆಗುದಿಲ್ಲ. ನಿಮಗೆ ಆಗ ರೇಷ್ಮೆಯಲ್ಲಿ ಚಂದ ಮಾಡಿ ಕೊಟ್ಟಿದ್ದೇನಲ್ಲ? ಎಂತ ಕಡಿಮೆ ಆಯ್ತು ಅದರಲ್ಲಿ?"

ಆಮೇಲೆ ನಾನು ಅವನ ಹತ್ತಿರ ಕೇಳಲಿಲ್ಲ. ಮಡಂತ್ಯಾರಿಗೆ ಹೋದಾಗಲೆಲ್ಲ ಎದುರಿನ ತರಕಾರಿ ಅಂಗಡಿಯಲ್ಲಿ ನಿಂತು, ಗಾಜಿನ ಬಾಗಿಲಿನ ಆಚೆಗಿದ್ದ ಅಮ್ಮನನ್ನು ನೋಡಿ ಬರುತ್ತಿದ್ದೆ. ಬದನೆ ಆರಿಸುವ ಹಾಗೆ ಮಾಡುತ್ತ.

ಧರ್ಣಪ್ಪನ ತಾಯಿ ಹೊನ್ನಮ್ಮ ನನಗೆ ಬೇಕಾದವರೇ. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಸೊಸೈಟಿಗೆ ಹಾಲು ಕೊಂಡುಹೋಗುವುದು. ಮುಂದಿನ ಹಲ್ಲು ಬಿದ್ದು ಹೋದ ಮೇಲೆ ಅವರು ನಗುವಾಗ ಕೈ ಬಾಯಿಗೆ ಹೋಗುತ್ತಿತ್ತು. ಕಳೆದ ವರ್ಷ ಒಂದು ಬೆಳಿಗ್ಗೆ, ನಾನು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡ ಮೇಲೆ, ಅವರೇ ಕೇಳಿದರು.

"ನನ್ನದೊಂದು ತೆಗಿ ಪದ್ಮಾಕ್ಷಿ. ನನ್ನ ಮಗ ಊರವರದ್ದೆಲ್ಲ ತೆಗಿತಾನೆ. ನನ್ನನ್ನು ಕಂಡರೆ, ಇರಿ ಅಮ್ಮ, ಒಂದು ದಿನ ಒಳ್ಳೆ ಸೀರೆ ಉಟ್ಟು ಬನ್ನಿ ಅಂತಾನೆ. ಆ ದಿನ ಬರುವಾಗ ನಾನು ಇರ್ಲಿಕ್ಕಿಲ್ಲ."

ತನ್ನ ಮಾತಿಗೆ ತಾನೇ ನಕ್ಕರು. ಕೈ ಬಾಯಿಗೆ ಹೋಯಿತು. ನಾನು ಕಾದೆ. ಕೈ ಕೆಳಗಿಳಿದು ಗಲ್ಲದ ಹತ್ತಿರ ಬಂದಾಗ, ನಗು ಇನ್ನೂ ಮುಗಿಯದೆ ಇದ್ದಾಗ, ಒತ್ತಿದೆ. ತೋರಿಸಿದೆ.

"ಅಯ್ಯೋ, ಹಲ್ಲಿಲ್ಲದ ಬಾಯಿ" ಎಂದರು. ಆಮೇಲೆ ಬಹಳ ಹೊತ್ತು ನೋಡಿದರು. "ನಾನೇ. ಇಟ್ಟುಕೋ."

ಈ ವರ್ಷ ಹೊನ್ನಮ್ಮ ತೀರಿಕೊಂಡರು. ನಾಲ್ಕು ದಿನ ಕಳೆದು ಧರ್ಣಪ್ಪ ನಮ್ಮ ಅಂಗಳಕ್ಕೆ ಬಂದ. ಗಡ್ಡ ಬಂದಿತ್ತು. ಜಗಲಿಯ ತುದಿಯಲ್ಲಿ ಕೂತ.

"ಅಮ್ಮನದ್ದು ಆಧಾರ್ ಕಾರ್ಡಿನದ್ದು ಬಿಟ್ಟರೆ ಒಂದೂ ಇಲ್ಲ. ಅದರಲ್ಲಿ ಮುಖವೇ ಕಾಣುದಿಲ್ಲ. ನೀವು ತೆಗೆದದ್ದು ಉಂಟು ಅಂತ ಅಪ್ಪ ಹೇಳ್ತಾರೆ."

"ಉಂಟು."

"ಕಳಿಸಿ. ನಾನೇ ಸರಿ ಮಾಡಿ ಫ್ರೇಮ್ ಹಾಕಿಸ್ತೇನೆ."

"ಕಳಿಸುದಿಲ್ಲ ಧರ್ಣಪ್ಪಣ್ಣ. ನಿಮಗೆ ಸೂತಕ. ಫ್ರೇಮ್ ಹಾಕಿಸಿ ಬೊಜ್ಜದ ದಿನ ಬೆಳಿಗ್ಗೆ ನಾನೇ ತರ್ತೇನೆ. ನಿಮ್ಮ ಕ್ರಮದಲ್ಲೇ ಮಾಡಿಸ್ತೇನೆ, ಹೆದರಬೇಡಿ."

ಅವನು ನನ್ನ ಮುಖ ನೋಡಿದ. ನಾನು ಚಹಾ ತಂದುಕೊಟ್ಟೆ. ಸ್ಟುಡಿಯೋದ ಗೋಡೆಯ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವನು ಹೋದ ಮೇಲೆ ಕಪಾಟಿನ ಹಿಂದೆ ಮುಖ ತಿರುಗಿಸಿ ಇಟ್ಟಿದ್ದ ಅಮ್ಮನ ಬೊಜ್ಜದ ಚಿತ್ರವನ್ನು ಹೊರಗೆ ತೆಗೆದೆ. ಗಾಜು ಬಿಡಿಸಿದೆ. ರೇಷ್ಮೆಯ ಮೈಯನ್ನು ಚಾವಡಿಯ ಬೆಳಕಿನಲ್ಲಿ ಇಟ್ಟು ಅದರದ್ದೇ ಫೋಟೋ ತೆಗೆದೆ. ಮಗಳು ದೀಪಶ್ರೀಯ ಲ್ಯಾಪ್‌ಟಾಪಿನಲ್ಲಿ ಹೊನ್ನಮ್ಮನ ಮುಖವನ್ನು ಕತ್ತರಿಸಿ ಆ ಕುತ್ತಿಗೆಯ ಮೇಲೆ ಕೂರಿಸಿದೆ. ವೀಡಿಯೊ ನೋಡಿ ನೋಡಿ ಕಲಿತ ಕೆಲಸ. ಸಾರು ಕುದಿಸಿ ಬಂದು ಸುಕ್ಕು ಒರೆಸಿದೆ. ದನ ಕಟ್ಟಿ ಬಂದು ನಗುವ ಬಾಯಿ ಮುಚ್ಚಿಸಿದೆ. ಗಲ್ಲದ ಹತ್ತಿರವಿದ್ದ ಕೈಯನ್ನು ಅಳಿಸುವಾಗ ಮಾತ್ರ ಬೆರಳು ತಡೆಯಿತು. ಅಮ್ಮನ ಕೈಯನ್ನು ಅಳಿಸುವಾಗ ಅವನ ಬೆರಳು ತಡೆದಿರಲಿಕ್ಕಿಲ್ಲ ಎಂದು ನೆನೆದೆ. ಅಳಿಸಿದೆ.

ದೀಪಶ್ರೀ ಹಿಂದೆ ನಿಂತು ನೋಡುತ್ತಿದ್ದಳು. "ಇದು ಆ ಮಾಮನಿಗೆ ಮಾಡುದಾ ಅಮ್ಮ, ಹೊನ್ನಮ್ಮಜ್ಜಿಗಾ?"

"ಅವನಿಗೆ."

"ಅಜ್ಜಿ ಎಂತ ಮಾಡಿದ್ದಾರೆ ನಿಮಗೆ?"

ನಾನು ಲ್ಯಾಪ್‌ಟಾಪು ಮುಚ್ಚಿದೆ. ಆದರೆ ಬಿ.ಸಿ.ರೋಡಿಗೆ ಹೋಗಿ ಅದನ್ನು ಪ್ರಿಂಟ್ ಹಾಕಿಸುವಾಗ ನಿಜವಾದ ಚಿತ್ರವನ್ನೂ ಹಾಕಿಸಿದೆ, ಅದಕ್ಕಿಂತ ದೊಡ್ಡದಾಗಿ. ಎರಡಕ್ಕೂ ಕಟ್ಟು ಹಾಕಿಸಿದೆ.

ಬೊಜ್ಜದ ದಿನ ನನ್ನ ಗಂಡ ರುಕ್ಮಯ್ಯ ಜೀಪು ತೆಗೆದರು. ಒಂದು ಚಿತ್ರವನ್ನು ನಾನು ಮಡಿಲಲ್ಲಿ ಹಿಡಿದುಕೊಂಡೆ, ಇನ್ನೊಂದು ಹಿಂದಿನ ಸೀಟಿನಲ್ಲಿ, ಅವರು ಹೆಗಲಿಗೆ ಹಾಕುವ ಬೈರಾಸು ಮುಚ್ಚಿಕೊಂಡು ಬಂತು.

"ಎಂತ ಮಾರಾಯ್ತಿ, ಒಬ್ಬರಿಗೆ ಎರಡು ಫೋಟೋ?"

"ಒಂದು ಅವರಿಗೆ. ಒಂದು ಅವರ ಮಗನಿಗೆ."

ಚಪ್ಪರದಲ್ಲಿ ಜನ ತುಂಬಿತ್ತು. ಕುರ್ಚಿಗೆ ಬಿಳಿ ಬಟ್ಟೆ ಹಾಸಿ, ಹಾರ ತಯಾರಾಗಿತ್ತು. ಧರ್ಣಪ್ಪ ಕಾಗದ ಬಿಚ್ಚಿ ನೋಡಿದ. "ಒಳ್ಳೆದಾಗಿದೆ" ಎಂದ. ಕುರ್ಚಿಯ ಮೇಲೆ ಇಟ್ಟು ಹಾರ ಹಾಕಿದ. ಹಾರ ಸರಿ ಮಾಡುವಾಗ ಅವನ ಕೈ ನಿಂತಿತು. ಕೆಂಪು ಕಲ್ಲಿನ ಉಂಗುರ ಅವನಿಗೆ ಕಂಡಿತ್ತು.

ಅಷ್ಟರಲ್ಲಿ ಎದುರಿನ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ ಹೇಳಿದರು. "ಈ ಸೀರೆ ನಮ್ಮ ಅತ್ತೆಯ ಫೋಟೋದಲ್ಲಿ ಉಂಟಲ್ಲ."

"ನಮ್ಮ ದೊಡ್ಡಮ್ಮನದ್ದು ಕೈ ಸಹ ಇದುವೇ. ಉಂಗುರ ನೋಡಿ."

"ಹಾಗಾದ್ರೆ ಎಲ್ಲರೂ ಮೇಲೆ ಒಂದೇ ಸೀರೆ ಉಟ್ಟು ಕೂತಿದ್ದಾರಾ?"

ಯಾರೋ ನಗು ತಡೆಯಲು ಕೆಮ್ಮಿದರು. ಧರ್ಣಪ್ಪನ ಕಿವಿ ಕೆಂಪಾದದ್ದನ್ನು ನಾನು ಅಡುಗೆ ಶೆಡ್ಡಿನ ಕಂಬದ ಪಕ್ಕದಿಂದ ನೋಡಿದೆ. ಅವನು ಈಗ ಏನೂ ಹೇಳುವ ಹಾಗಿಲ್ಲ. ಇದು ಚಿತ್ರವಲ್ಲ ಎಂದರೆ, ಆ ಚಪ್ಪರದಲ್ಲಿದ್ದ ಅರ್ಧ ಜನರ ಮನೆಯ ಗೋಡೆಯಲ್ಲಿರುವುದೂ ಚಿತ್ರವಲ್ಲ.

ಮೊದಲ ಹೂವು ಹಾಕಬೇಕಾದವರು ಹೊನ್ನಮ್ಮನ ಗಂಡ, ಶೀನಪ್ಪಜ್ಜ. ಅವರನ್ನು ಕೈ ಹಿಡಿದು ಕರೆತಂದರು. ಹೂವು ಹಿಡಿದುಕೊಂಡು ಕುರ್ಚಿಯ ಎದುರು ನಿಂತರು. ಬಗ್ಗಿ ನೋಡಿದರು.

"ಇದು ಯಾರು?"

"ಅಮ್ಮ, ಅಪ್ಪ" ಎಂದ ಧರ್ಣಪ್ಪ.

"ನಿನ್ನ ಅಮ್ಮನಾ? ನನಗೆ ಗೊತ್ತಿಲ್ವಾ ಅವಳು ಹೇಗಿದ್ದಾಳೆ ಅಂತ? ಇದು ಯಾರೋ ಧಣಿಗಳ ಮನೆಯವರು."

"ಹೂವು ಹಾಕಿ ಅಪ್ಪ, ಜನ ಕಾಯ್ತಿದ್ದಾರೆ."

"ಕಂಡವರ ಹೆಂಡತಿಗೆ ನಾನು ಯಾಕೆ ಹೂವು ಹಾಕುದು?"

ಅಜ್ಜ ಹೂವನ್ನು ಮುಷ್ಟಿಯಲ್ಲಿಟ್ಟುಕೊಂಡು ಅಲ್ಲಿಯೇ ಬೆಂಚಿನ ಮೇಲೆ ಕೂತರು. ಅವರು ಹಾಕದೆ ಬೇರೆ ಯಾರೂ ಹಾಕುವಂತಿಲ್ಲ, ಯಾರೂ ಹಾಕದೆ ಎಲೆ ಹಾಕುವಂತಿಲ್ಲ. ಶೆಡ್ಡಿನಲ್ಲಿ ಬಡಿಸಲು ನಿಂತವರು ಸೌಟು ಕೆಳಗಿಟ್ಟರು.

ಧರ್ಣಪ್ಪ ನನ್ನ ಹತ್ತಿರ ಬಂದ. "ಸರಿಯಾದ್ದು ಉಂಟಾ ನಿಮ್ಮ ಹತ್ರ?"

"ಉಂಟು. ಜೀಪಿನಲ್ಲಿ."

"ಕೊಡಿ ಅಕ್ಕ."

"ಇದರಲ್ಲಿ ಎಂತ ಕಡಿಮೆ ಆಯ್ತು? ರೇಷ್ಮೆಯಲ್ಲಿ ಚಂದ ಮಾಡಿ ಕೊಟ್ಟಿದ್ದೇನಲ್ಲ?"

ಅವನು ತನ್ನದೇ ಮಾತನ್ನು ಗುರುತು ಹಿಡಿದ. ನಾನು ಕಾದೆ. ಕಾಯುವುದು ನನಗೆ ಅಭ್ಯಾಸ.

"ನಿಮ್ಮ ಅಮ್ಮನ ಕಾಪಿ ನಾಳೆ ಮಾಡಿಕೊಡ್ತೇನೆ" ಎಂದ.

"ಕಾಪಿ ಬೇಡ. ಗೋಡೆಯದ್ದು. ಈಗ."

"ಈಗ ಹೇಗೆ? ಅಮ್ಮನ ಬೊಜ್ಜ ಬಿಟ್ಟು ಅಂಗಡಿಗೆ ಹೋಗ್ಲಿಕ್ಕೆ ಆಗ್ತದಾ?"

"ನಮ್ಮ ಅಮ್ಮನೂ ಅಲ್ಲಿಯೇ ಕಾಯ್ತಾ ಇದ್ದಾಳೆ."

ಅವನು ಬೈಕು ತೆಗೆದುಕೊಂಡು ಹೋದ. ಎಲ್ಲಿಗೆ ಹೋದ ಎಂದು ಜನ ಒಬ್ಬರನ್ನೊಬ್ಬರು ಕೇಳಿದರು. ನಾನು ಶೀನಪ್ಪಜ್ಜನ ಪಕ್ಕದಲ್ಲಿ ಹೋಗಿ ಕೂತು, ಅವರಿಗೆ ಒಂದು ಲೋಟ ನೀರು ಕೊಟ್ಟೆ. "ನೀನು ತೆಗೆದದ್ದು ಇದಲ್ಲ ಅಲ್ವಾ ಮಗಾ?" ಎಂದರು. "ಅಲ್ಲ ಅಜ್ಜ. ಬರ್ತದೆ, ಇರಿ" ಎಂದೆ.

ಧರ್ಣಪ್ಪ ಬಂದಾಗ ಕಟ್ಟು ಹಾಕಿದ ಅಮ್ಮ ಅವನ ಹೊಟ್ಟೆಗೂ ಬೈಕಿನ ಟ್ಯಾಂಕಿಗೂ ನಡುವೆ ಇದ್ದಳು. ಎಲ್ಲರೂ ನೋಡುತ್ತಿದ್ದಂತೆಯೇ ನನ್ನ ಕೈಗೆ ಕೊಟ್ಟ. ಕೆಳಗಿನ ಮೂಲೆಯಲ್ಲಿ ಅವನ ಹೆಸರಿನ ಚೀಟಿ ಇತ್ತು. ನಾನು ಅದರ ಮೇಲೆ ಬೆರಳಿಟ್ಟೆ. ಅವನು ಉಗುರಿನಿಂದ ಕೆರೆದು ತೆಗೆದ. ಅಂಟು ಉಳಿಯಿತು.

"ಈ ಫೋಟೋ ತೆಗೆದದ್ದು ಯಾರು?" ಎಂದು ಕೇಳಿದೆ, ದೊಡ್ಡದಾಗಿ ಅಲ್ಲ.

"ನೀವು."

"ಅಜ್ಜನಿಗೆ ಕೇಳಿಸ್ಲಿಲ್ಲ."

"ಪದ್ಮಾಕ್ಷಕ್ಕ ತೆಗೆದದ್ದು" ಎಂದ. ಈ ಸಲ ಹಿಂದಿನ ಬೆಂಚಿನವರಿಗೂ ಕೇಳಿಸಿತು.

ರುಕ್ಮಯ್ಯ ಬೈರಾಸು ಬಿಚ್ಚಿ ಹೊನ್ನಮ್ಮನನ್ನು ತಂದರು. ಧರ್ಣಪ್ಪ ರೇಷ್ಮೆಯ ಚಿತ್ರವನ್ನು ತೆಗೆದು, ಇದನ್ನು ಇಟ್ಟು, ಅದೇ ಹಾರ ಹಾಕಿದ. ಹಾಕಿ, ಅಲ್ಲಿಯೇ ನಿಂತುಬಿಟ್ಟ. ತಾಯಿಯ ಹಲ್ಲಿಲ್ಲದ ನಗುವನ್ನು ಅವನು ಎಷ್ಟು ಕಾಲದ ಮೇಲೆ ನೋಡಿದನೋ. ಶೀನಪ್ಪಜ್ಜ ಎದ್ದು ಬಂದರು. ನೋಡಿದರು. ಅವರ ಕೈ ತಾನಾಗಿ ತಮ್ಮ ಬಾಯಿಗೆ ಹೋಯಿತು, ಹೆಂಡತಿಯ ಹಾಗೆಯೇ. ಆಮೇಲೆ ಬಾಡಿದ ಹೂವನ್ನು ಹಾಕಿದರು.

ನಾನೂ ಹೂವು ಹಾಕಿದೆ. ಯಾರಿಗೆ ಎಂದು ಈ ಸಲ ಗೊತ್ತಿತ್ತು.

ಹೊರಡುವಾಗ ಧರ್ಣಪ್ಪ ಅಡ್ಡ ಬಂದು ನಿಂತ. ಕಣ್ಣು ಒದ್ದೆಯಾಗಿತ್ತು. "ಊಟ ಮಾಡಿ ಹೋಗಿ ಅಕ್ಕ. ಬೊಜ್ಜದ ಮನೆಯಿಂದ ಹಾಗೆ ಹೋಗಬಾರದು."

"ನಮ್ಮ ಅಮ್ಮನ ಬೊಜ್ಜದಲ್ಲಿ ನೀವು ಪಾಯಸ ಎರಡು ಸಲ ಹಾಕಿಸಿಕೊಂಡಿರಿ" ಎಂದೆ. "ಬಡಿಸಿದ್ದು ನಾನೇ."

ಊಟಕ್ಕೆ ಕೂರದೆ ಜೀಪು ಹತ್ತಿ, ಅಮ್ಮನನ್ನು ಮಡಿಲಲ್ಲಿ ಇಟ್ಟುಕೊಂಡೆ. ಗಾಜಿನ ಮೇಲೆ ಮಡಂತ್ಯಾರಿನ ಧೂಳು ಕೂತಿತ್ತು. ಸೆರಗಿನಿಂದ ಒರೆಸಿದೆ. ಕಣ್ಣಿನ ಮೇಲಿನ ಕೂದಲಿನ ಹತ್ತಿರ ಬಂದಾಗ ಕೈ ಸುಮ್ಮನೆ ಇನ್ನೊಂದು ಸಲ ಒರೆಸಿತು.

ಸ್ವಲ್ಪ ದೂರ ಹೋದ ಮೇಲೆ ರುಕ್ಮಯ್ಯ ಕೇಳಿದರು. "ಆ ರೇಷ್ಮೆ ಸೀರೆಯದ್ದು ಅಲ್ಲಿಯೇ ಬಿಟ್ಟು ಬಂದೆಯಲ್ಲ? ವಾಪಸು ತರುವ, ತಿರುಗಿಸ್ಲಾ?"

"ಬೇಡ, ಇರ್ಲಿ" ಎಂದೆ. "ಅವನ ಅಂಗಡಿಯ ಮೊಳೆ ಖಾಲಿ ಆಯ್ತಲ್ಲ. ತೂಗಿಸ್ಲಿಕ್ಕೆ ಏನಾದರೂ ಬೇಕಲ್ವಾ."