ಮನಿ ಮಂದಿ

ಆ ಆರು ಹೆಂಗಸರಲ್ಲಿ ಯಾರ ಹೆಸರೂ ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಹುಮನಾಬಾದಿನ ಒಂದು ದಾಲ್ ಮಿಲ್ಲಿನಲ್ಲಿ ಏಳು ವರ್ಷದಿಂದ ತೊಗರಿ ಹಸನು ಮಾಡುತ್ತಿದ್ದರು. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಯ ಅರ್ಧ ಅವರ ಕೈಗೆ ಬರುತ್ತಿತ್ತು.

೧೯೯೮ರಲ್ಲಿ ಅಂಬುಬಾಯಿ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದಳು. ಮಗಳು ಪೂನಂ ಹತ್ತನೆಯದು ಪಾಸಾಗಿದ್ದಳು. ಬಾಕಿ ಕೂಲಿ ಸಿಕ್ಕರೆ ಅವಳನ್ನು ಬಸವಕಲ್ಯಾಣದ ಕಾಲೇಜಿಗೆ ಸೇರಿಸಬಹುದಿತ್ತು. ಉಳಿದ ಐವರೂ ಅರ್ಜಿಗೆ ಹೆಬ್ಬೆಟ್ಟು ಒತ್ತಿದರು.

ವಿಚಾರಣೆಗೆ ಇಲಾಖೆಯ ಸಾಹೇಬರು ಮಿಲ್ಲಿಗೇ ಬಂದರು. ಮಾಲೀಕ ಗುರುಲಿಂಗಪ್ಪ ಹೆಂಗಸರನ್ನು ಕರೆಸಿ, ಹಿರಿಯಳಾದ ಮುಕ್ತಾಬಾಯಿಗೆ ಕುರ್ಚಿ ಹಾಕಿಸಿದ. ಅವಳ ಜಾತಿಯವರಿಗೆ ಅಲ್ಲಿ ಚಹಾದ ಕಪ್ಪು ಬೇರೆ ಇತ್ತು. ಕುರ್ಚಿ ಅವತ್ತೇ ಮೊದಲು.

"ಕೂಡ್ರಿ ಕಾಕು. ಸಾಹೇಬರು ಕೇಳಿದ್ದು ಹೇಳ್ರಿ," ಅಂದ.

ಸಾಹೇಬರು ಕೇಳಿದರು, "ಇವರಿಗೆ ನೀವು ಏನಾಗಬೇಕಮ್ಮ?"

ಕಾಕು, ಚಿಕ್ಕಮ್ಮ ಎಂದು ಕರೆದವನ ಎದುರಿಗೆ 'ಕೂಲಿಯವರು' ಅನ್ನಲು ಮುಕ್ತಾಬಾಯಿಗೆ ಬಾಯಿ ಬರಲಿಲ್ಲ.

"ನಾವು ಇವರ ಮನಿ ಮಂದೀನೇ ಇದ್ದಂಗ್ರಿ."

"ಎಲ್ಲರೂ?"

"ಹೌದ್ರಿ, ಎಲ್ಲಾರೂ."

ಹಿಂದೆ ನಿಂತಿದ್ದ ಅಂಬುಬಾಯಿ, "ಯಕ್ಕಾ, ಅವರ ಮನಿ ಹೊಸ್ತಿಲ ಯಾವಾಗ ದಾಟೀದಿ?" ಅಂದಳು.

"ಸುಮ್ಕಿರವಾ. ಮಾತಿಗಿ ಅಂದ್ರ ಏನ್ ಹೋಗ್ತದ?"

ಅಂಬುಬಾಯಿ ಮುಂದೆ ಬಂದು ಕೂಲಿಯ ಲೆಕ್ಕ ಹೇಳತೊಡಗಿದಳು. ಹಿರಿಯರು ಎಲ್ಲರ ಪರವಾಗಿ ಹೇಳಿದ್ದಾರೆ ಎಂದು ಸಾಹೇಬರು ಪೆನ್ನಿನ ಟೋಪಿ ಮುಚ್ಚಿದರು. ಮುಕ್ತಾಬಾಯಿ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಎರಡು ತಿಂಗಳಿಗೆ ಆದೇಶ ಬಂತು. ಪೂನಂ ಓದಿದಳು: 'ಅರ್ಜಿದಾರರು ಮಾಲೀಕರ ಕುಟುಂಬದವರು, ಕಾರ್ಮಿಕರಲ್ಲ. ಕನಿಷ್ಠ ಕೂಲಿಯ ಕಾನೂನು ಅನ್ವಯಿಸುವುದಿಲ್ಲ.'

ಮರುದಿನ ಗೇಟಿನಲ್ಲಿ ಕಾವಲುಗಾರ ಪಂಡರಿ ಆರೂ ಹೆಂಗಸರನ್ನು ತಡೆದ.

"ಮನಿ ಮಂದಿ ದುಡೀಬಾರದಂತ್ರಿ. ಆರಾಮ ಇರ್ರಿ ಅಂದಾರ ಶೇಟ್ರು." ಹೇಳಿ ನಕ್ಕ. ಅಂಬುಬಾಯಿಯ ಮುಖ ನೋಡಿ ನಗು ನಿಲ್ಲಿಸಿದ.

ಸಂಜೆ ಮುಕ್ತಾಬಾಯಿ ಅಂಬುಬಾಯಿಯ ಮನೆಗೆ ಹೋದಳು. ತಾಯಿ ಮಗಳು ಗಂಟು ಕಟ್ಟುತ್ತಿದ್ದರು. ಹುಲಸೂರ ಕಡೆ ಹೊಲದ ಕೆಲಸ ಸಿಕ್ಕಿತ್ತು, ಇಬ್ಬರಿಗೂ.

"ತಪ್ಪಾತವಾ. ಮರ್ಯಾದಿಗಿ ಅಂದೆ."

"ಯಾರ ಮರ್ಯಾದಿಗಿ?" ಎಂದಳು ಅಂಬುಬಾಯಿ. ತಲೆ ಎತ್ತಲಿಲ್ಲ.

ಮುಕ್ತಾಬಾಯಿ ಬಾಗಿಲಿಂದಲೇ ಹಿಂದಿರುಗಿದಳು.

ಆರು ಮಂದಿಯ ಕೆಲಸ ಹೋಯಿತು. ಏಳು ವರ್ಷದ ಬಾಕಿ ಅರ್ಧ ಕೂಲಿ ಹೋಯಿತು. ಒಬ್ಬ ಹುಡುಗಿಯ ಓದು ಹೋಯಿತು.