ಮ್ಯಾನೇಜರ್ ಮನೆಯ ಪಾತಿಗೆ ಜೊಂಡು

ಅಕ್ಕ ಹನ್ನೊಂದು ವರ್ಷ ಕಾರ್ಖಾನೆಯಲ್ಲಿ ಬಾಣಲೆಗಳಿಗೆ ಅಡುಗೆ ಅಂಟದಂಥ ಲೇಪ ಬಳಿದಳು. ಕಾರ್ಖಾನೆ ಬಿಟ್ಟ ನೀರು ಕಾರ್ಮಿಕರ ಕಾಲೋನಿಯ ಬಾವಿಗೆ ಇಳಿಯಿತು. ಆ ಬಾವಿ ಅಕ್ಕನ ಎರಡೂ ಕಿಡ್ನಿ ತಿಂದುಹಾಕಿತು. ಸರ್ಕಾರದಿಂದ ವಿಚಾರಣೆಗೆ ಬಂದವರ ಮುಂದೆ ಮ್ಯಾನೇಜರ್, ನಾವು ನಗುಮುಖ ಎಂದು ಕರೆಯುವ ಮಹಾಶಯ, ಹಲ್ಲು ಕಿರಿದು "ನೀರು ಶುದ್ಧವಾಗಿದೆ, ಆಕೆಗೆ ಮೊದಲಿಂದ್ಲೂ ಕಾಯಿಲೆ" ಅಂದ. ಆಸ್ಪತ್ರೆಯ ಮಂಚದಿಂದ ಅಕ್ಕ ನನ್ನನ್ನು ಒಂದೇ ಒಂದು ಕೇಳಿಕೊಂಡಳು: "ವಿಷ ಅಂತ ಅವನ ಬಾಯಲ್ಲೇ ಒಂದ್ಸಲ ಹೇಳಿಸೇ."

ಆಮೇಲೆ ಮೇಲಿನವರ ಒತ್ತಾಯಕ್ಕೆ, ಹೊಲಸು ನೀರು ಸೋಸಲು ಮಣ್ಣಿನ ಮಡಿಗಳನ್ನು ಕಟ್ಟಿ ಜೊಂಡು ನೆಟ್ಟರು. ನೋಡಿಕೊಳ್ಳುವ ಕೆಲಸ ನನ್ನದಾಯಿತು. ಈ ವಿಷ ಕೊಳೆತು ಹೋಗುವಂಥದ್ದಲ್ಲ. ಒಂದಿಷ್ಟನ್ನು ಮಣ್ಣು ಹಿಡಿದಿಡುತ್ತದೆ, ಒಂದಿಷ್ಟನ್ನು ಜೊಂಡು ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಕೊಯ್ದ ಎಲೆಯನ್ನು ಲಾರಿಯಲ್ಲಿ ಸಾಗಿಸಿ ಕಡು ಬಿಸಿಯ ಕುಲುಮೆಯಲ್ಲೇ ಸುಡಬೇಕು. ಈ ಸಲ ನಗುಮುಖ ಲಾರಿ ಬೇಡವೆಂದ. "ಒಣ ಎಲೆ ತಾನೆ? ಕಾಲೋನಿಯ ತರಕಾರಿ ಪಾತಿಗೆ ಹಾಸಿಬಿಡು." ಎಲೆಯಿಂದ ಅಪಾಯವಿಲ್ಲ ಎಂದು ಬರೆದು ಸಹಿಯನ್ನೂ ಜಡಿದ.

ನನಗೆ ಮೈಯೆಲ್ಲ ಉರಿದುಹೋಯಿತು. "ಆಗಲಿ ಸಾರ್" ಅಂದೆ.

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಬಂದಾಗ, ಅವನ ಟೊಮೆಟೊ ಪಾತಿಗೆ ನಾನು ಜೊಂಡು ಹಾಸಿ ಮುಗಿಸುತ್ತಿದ್ದೆ. ಗಂಡನೇ ಕಳಿಸಿದ್ದಾನೆಂದು ನಂಬಿದ ಅವನ ಹೆಂಡತಿ ನನಗೆ ನೀರು ಕೊಟ್ಟು ಉಪಚರಿಸಿದ್ದಳು. ಪುಟ್ಟ ಮಗಳು ಎಲೆಗಳ ಮೇಲೆ ಕುಪ್ಪಳಿಸುತ್ತಿದ್ದಳು. ಗೇಟಿನ ಬಳಿ ಜೊಂಡು ತಂದ ತಳ್ಳುಗಾಡಿ ಹಿಡಿದು ಕಾಲೋನಿಯ ಆರು ಹೆಂಗಸರು ನಿಂತಿದ್ದರು.

ನಗುಮುಖದ ನಗು ಹಾರಿಹೋಯಿತು. ಓಡಿ ಬಂದು ಮಗಳನ್ನು ಬಾಚಿ ಎತ್ತಿಕೊಂಡ. "ತೆಗಿ! ಮೊದಲು ತೆಗಿ ಅದನ್ನ!"

"ಯಾಕೆ ಸಾರ್? ನೀವೇ ಸಹಿ ಹಾಕಿದ್ರಲ್ಲ."

"ವಿಷ ಕಣೇ ಅದು! ಮಗು ಬಾಯಿಗೆ ಹಾಕ್ಕೊಂಡ್ರೆ?"

ಅವನ ಹೆಂಡತಿ ಮೆಟ್ಟಿಲಿಳಿದು ಬಂದು ಕೇಳಿದಳು: "ಮತ್ತೆ ಕಾಲೋನಿ ಮಕ್ಕಳು?"

ಅವನು ಮಗಳನ್ನು ಹೆಂಡತಿಯ ಕೈಗಿಟ್ಟು, ಮೊಣಕಾಲೂರಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಒಂದೊಂದು ಎಲೆಯನ್ನೂ ಹೆಕ್ಕತೊಡಗಿದ. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಮಡಿಯಲ್ಲಿ ಕೊಯ್ದಿದ್ದ ಜೊಂಡು ಅದೇ ಸಂಜೆ ಲಾರಿ ಹತ್ತಿ ಕುಲುಮೆಗೆ ಹೋಯಿತು. ಆರು ಹೆಂಗಸರೂ ವಿಚಾರಣೆಯವರ ಮುಂದೆ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದರು.

ಅವನ ಪಾತಿಗೆ ನಾನು ಹಾಸಿದ್ದು ರಸ್ತೆಬದಿಯ ಮಳೆನೀರಿನ ಹೊಂಡದ ಜೊಂಡು. ಅದರಲ್ಲಿ ವಿಷವಿರಲಿಲ್ಲ. ಅಕ್ಕನಿಗೆ ಹೇಳಿದೆ, ಎಷ್ಟೋ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ಅವನಿಗೆ ಮಾತ್ರ ಹೇಳಿಲ್ಲ, ಹೇಳುವುದೂ ಇಲ್ಲ. ಮಗಳು ಒಮ್ಮೆ ಸೀನಿದರೂ ಅವನ ಎದೆ ಧಸಕ್ಕೆನ್ನಲಿ.